ಹೊಸ ಕೋಚ್‌, ಮೊದಲ ಪಂದ್ಯ, ಅವಸರದ ತೀರ್ಪು

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈ 20ರಂದು. ಕ್ಲಬ್ಬಿನ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಉಕ್ಕಿನ ಕಾರ್ಖಾನೆ ನಡೆಸುವ ಸಂಸ್ಥೆ ಅದು. ಆಟಗಾರರು, ಜೆರ್ಸಿ, ಅಭಿಮಾನಿ ಬಳಗ ಎಲ್ಲವೂ ಹೊಸದಾಗಿದ್ದ ಆ ತಂಡವನ್ನು ಅಳೆಯಲು ಜನರ ಕೈಯಲ್ಲಿದ್ದದ್ದು ಕಣ್ಣೆದುರಿನ ಪಂದ್ಯ ಮಾತ್ರ. ಹೊಸ ಕೋಚ್‌ ಬಂದಾಗಲೆಲ್ಲ ಮೊದಲ ಪಂದ್ಯದ ಮೇಲೆಯೇ ಅಂಕ ಹಾಕುವ ರೂಢಿ ಬೆಳೆದದ್ದು ಹೀಗೆ.

ಮೊದಲ ಕೋಚ್‌ ಆ್ಯಶ್ಲಿ ವೆಸ್ಟ್‌ವುಡ್‌ ಇಂಗ್ಲೆಂಡಿನ ಮಾಜಿ ಡಿಫೆಂಡರ್‌. 2013ರ ಸೆಪ್ಟೆಂಬರ್‌ 22ರಂದು ಅಶೋಕನಗರದ ಫುಟ್‌ಬಾಲ್‌ ಕ್ರೀಡಾಂಗಣದಲ್ಲಿ ಎದುರಾದದ್ದು ಕೋಲ್ಕತ್ತದ ಮೋಹನ್‌ ಬಾಗಾನ್‌. ಆಸ್ಟ್ರೇಲಿಯಾದ ಶಾನ್‌ ರೂನಿ ಕ್ಲಬ್ಬಿನ ಚೊಚ್ಚಲ ಗೋಲು ಹೊಡೆದರು, ಪಂದ್ಯ 1–1ರಿಂದ ಡ್ರಾ ಆಯಿತು. ನೂರು ವರ್ಷ ದಾಟಿದ ಕ್ಲಬ್‌ ಎದುರು ಮೂರು ತಿಂಗಳೂ ತುಂಬದ ತಂಡ ಸೋಲದೆ ಉಳಿದದ್ದೇ ದೊಡ್ಡದು ಎನಿಸುವಂಥ ಫಲಿತಾಂಶ. ಆದರೆ 2014ರ ಏಪ್ರಿಲ್‌ನಲ್ಲಿ ಅದೇ ತಂಡ ಗೋವಾದಲ್ಲಿ ಡೆಂಪೊವನ್ನು 4–2ರಿಂದ ಮಣಿಸಿ ಐ–ಲೀಗ್‌ ಪ್ರಶಸ್ತಿ ಗೆಲ್ಲುತ್ತದೆ ಎಂಬ ಸುಳಿವು ಆ ಡ್ರಾದಲ್ಲಿ ಇರಲಿಲ್ಲ.

2016ರಲ್ಲಿ ಬಂದ ಆಲ್ಬರ್ಟ್‌ ರೋಕಾ ಅವರ ಮೊದಲ ಪರೀಕ್ಷೆ ಇನ್ನೂ ಕಠಿಣ. ಲೀಗ್‌ ಶುರುವಾಗುವ ಮೊದಲೇ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಕ್ವಾರ್ಟರ್‌ ಫೈನಲ್‌. ತವರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿ.ಕೆ. ವಿನೀತ್‌ ಹೊಡೆದ ಒಂದೇ ಗೋಲಿನಿಂದ ಸಿಂಗಪುರದ ಟ್ಯಾಂಪಿನ್ಸ್‌ ರೋವರ್ಸ್‌ ಸೋತಿತು. ನವೆಂಬರ್‌ ಹೊತ್ತಿಗೆ ತಂಡ ಆ ಟೂರ್ನಿಯ ಫೈನಲ್‌ ಮುಟ್ಟಿದ ಮೊದಲ ಭಾರತೀಯ ಕ್ಲಬ್‌ ಆಗಿತ್ತು. ಇಲ್ಲಿ ಮೊದಲ ಪಂದ್ಯ ಮುಂದಿನದನ್ನು ಸರಿಯಾಗಿಯೇ ಹೇಳಿತ್ತು. ಹಾಗೆ ಹೇಳುವುದು ಅಪರೂಪ ಎಂಬುದು ತಿಳಿದದ್ದು ನಂತರದ ಇಬ್ಬರಿಂದ.

ರೋಕಾ ಅವರ ಸಹಾಯಕರಾಗಿದ್ದ ಕಾರ್ಲ್ಸ್‌ ಕ್ವಾದ್ರಾತ್‌ 2018ರಲ್ಲಿ ಹೊಣೆ ಹೊತ್ತರು. ಆಗಸ್ಟ್‌ 22ರಂದು ತವರಿನಲ್ಲೇ ತುರ್ಕ್‌ಮೆನಿಸ್ತಾನದ ಅಲ್ತಿನ್‌ ಅಸಿರ್‌ ಎದುರು 2–3ರ ಸೋಲು, ಮರುಪಂದ್ಯದಲ್ಲಿ ಡ್ರಾ, ಏಷ್ಯಾ ಟೂರ್ನಿಯಿಂದ ನಿರ್ಗಮನ. ಅಷ್ಟಕ್ಕೇ ತೀರ್ಪು ಬರೆದಿದ್ದರೆ ದೊಡ್ಡ ಅನ್ಯಾಯವಾಗುತ್ತಿತ್ತು. 2019ರ ಮಾರ್ಚ್‌ 17ರಂದು ಮುಂಬೈಯಲ್ಲಿ ಇಂಡಿಯನ್‌ ಸೂಪರ್‌ ಲೀಗ್‌ (ಐಎಸ್‌ಎಲ್‌) ಫೈನಲ್‌. ಎಫ್‌ಸಿ ಗೋವಾ ಎದುರು ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷದಲ್ಲಿ ದಿಮಾಸ್‌ ದೆಲ್ಗಾದೊ ಕಾರ್ನರ್‌ನಿಂದ ಚೆಂಡು ತೇಲಿಬಿಟ್ಟರು, ರಾಹುಲ್‌ ಭೆಕೆ ತಲೆಗೊಟ್ಟು ಅದನ್ನು ಬಲೆಗೆ ಸೇರಿಸಿದರು. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ತಾರೀಕಿನಂದು, ಕಂಠೀರವದ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ ಸೋತಿದ್ದ ತಂಡಕ್ಕೆ ಕಪ್‌ ದಕ್ಕಿತು.

ಇದಕ್ಕೆ ತದ್ವಿರುದ್ಧ ಮಾರ್ಕೊ ಪೆಟ್ಸಾಯ್ವೊಲಿ ಕಥೆ. 2021ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ನಡೆದ ಅವರ ಮೊದಲ ಪಂದ್ಯದಲ್ಲಿ ನೇಪಾಳದ ತ್ರಿಭುವನ್‌ ಆರ್ಮಿ ವಿರುದ್ಧ 5–0ರ ಜಯ. ನವೆಂಬರ್‌ನಲ್ಲಿ ಐಎಸ್‌ಎಲ್‌ನ ಮೊದಲ ಪಂದ್ಯದಲ್ಲಿ ನಾರ್ತ್‌ಈಸ್ಟ್‌ ವಿರುದ್ಧ 4–2. ಎರಡೂ ಪಂದ್ಯಗಳಿಗೆ ಪೂರ್ಣ ಅಂಕ ಕೊಡಬಹುದಿತ್ತು. ತಂಡ ಲೀಗ್‌ ಮುಗಿಸಿದ್ದು ಆರನೇ ಸ್ಥಾನದಲ್ಲಿ, ಪ್ಲೇ–ಆಫ್‌ನ ಹೊರಗೆ. ಎದುರಾಳಿ ಯಾರು ಎಂದು ಕೇಳದೆ ಗೋಲು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಈ ರೂಢಿ ಬೆಂಗಳೂರಿನದ್ದಷ್ಟೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಅದು ಬೇರೆಯೇ ಆಟ) ಪ್ರತಿ ಸೆಪ್ಟೆಂಬರ್‌ ಆರಂಭದಲ್ಲಿ ಹೊಸ ಕೋಚ್‌ಗಳ ಬಗ್ಗೆ ಇಂಥದೇ ತೀರ್ಪುಗಳ ಭರಾಟೆ. ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕೆ ನಿಕ್‌ ಸೇಬನ್‌ 2007ರಲ್ಲಿ ಬಂದಾಗ ಮೊದಲ ಪಂದ್ಯ 52–6ರಿಂದ ಗೆದ್ದರು. ಆ ಋತುವಿನಲ್ಲಿ ಮೈದಾನದಲ್ಲಿ ದಕ್ಕಿದ್ದು ಏಳು ಗೆಲುವು, ಆರು ಸೋಲು; ರಾಷ್ಟ್ರೀಯ ಪ್ರಶಸ್ತಿ ಬಂದದ್ದು 2009ರ ಋತುವಿನಲ್ಲಿ. ಬಾರ್ಸಿಲೋನಾದಲ್ಲಿ ಪೆಪ್‌ ಗಾರ್ಡಿಯೋಲಾ 2008ರಲ್ಲಿ ತಮ್ಮ ಮೊದಲ ಲೀಗ್‌ ಪಂದ್ಯವನ್ನು ಪುಟ್ಟ ಕ್ಲಬ್‌ ನುಮಾನ್ಸಿಯಾಗೆ ಸೋತು, ಅದೇ ಋತುವಿನಲ್ಲಿ ಮೂರು ದೊಡ್ಡ ಪ್ರಶಸ್ತಿ ಗೆದ್ದರು.

ಹಾಗಾದರೆ ಮೊದಲ ಪಂದ್ಯದಲ್ಲಿ ನೋಡಬೇಕಾದದ್ದು ಏನೂ ಇಲ್ಲವೇ? ಇದೆ, ಆದರೆ ಅದು ಸ್ಕೋರಿನಲ್ಲಿ ಸಿಗುವುದಿಲ್ಲ. ಆಡಿದ ಹನ್ನೊಂದು ಮಂದಿಯಲ್ಲಿ ಕೋಚ್‌ ತಾವೇ ಆರಿಸಿಕೊಂಡವರೆಷ್ಟು, ಹಿಂದಿನವರು ಬಿಟ್ಟುಹೋದವರೆಷ್ಟು. ಸಿದ್ಧತೆಗೆ ಸಿಕ್ಕ ಸಮಯವೆಷ್ಟು. ವಿರಾಮದ ನಂತರ ಆಟದ ಬಗೆ ಬದಲಾಯಿತೆ. ಕಾರ್ನರ್‌, ಫ್ರೀಕಿಕ್‌ಗಳಲ್ಲಿ ಅಭ್ಯಾಸದ ಗುರುತು ಕಾಣುತ್ತದೆಯೆ. ಕೋಚ್‌ನ ಕೈಗುಣ ಮೊದಲು ಕಾಣಿಸುವುದು ಇಲ್ಲೇ.

ಸೈಮನ್‌ ಗ್ರೇಸನ್‌ 2022ರಲ್ಲಿ ಬಂದ ಹೊಸತರಲ್ಲೇ ಡ್ಯೂರಾಂಡ್‌ ಕಪ್‌ ಗೆದ್ದರು, ಐಎಸ್‌ಎಲ್‌ನ ಮೊದಲ ಪಂದ್ಯವನ್ನೂ 1–0ರಿಂದ ಗೆದ್ದರು. ಆಮೇಲೆ ಸಾಲು ಸೋಲು. ಕೊನೆಗೆ ಲೀಗ್‌ನ ಕಡೆಯ ಎಂಟೂ ಪಂದ್ಯ ಗೆದ್ದು ಫೈನಲ್‌ವರೆಗೆ ಪಯಣ. ಒಂದೇ ಋತುವಿನಲ್ಲಿ ಇಷ್ಟು ಏರಿಳಿತ. ಮುಂದಿನ ಋತುವಿನಲ್ಲಿ, 2023ರ ಡಿಸೆಂಬರ್‌ನಲ್ಲಿ, ಮುಂಬೈ ಸಿಟಿ ಎದುರು ಕಂಠೀರವದಲ್ಲಿ 0–4ರಿಂದ ಸೋತ ಮರುದಿನವೇ ಅವರು ಹೊರನಡೆಯಬೇಕಾಯಿತು. ಋತುವಿನ ನಡುವೆ ಬಂದ ಜೆರಾರ್ಡ್‌ ಜರಗೋಜಾಗೆ ಸಿಕ್ಕಿದ್ದು ಬೇರೆಯವರು ಕಟ್ಟಿದ್ದ ತಂಡ. ಆ ವರ್ಷ ಹತ್ತನೇ ಸ್ಥಾನ. ಸಿದ್ಧತೆಗೆ ಪೂರ್ತಿ ಬೇಸಿಗೆ ಸಿಕ್ಕ ಮೇಲೆ, 2025ರ ಏಪ್ರಿಲ್‌ 12ರಂದು ಅವರ ತಂಡ ಐಎಸ್‌ಎಲ್‌ ಫೈನಲ್‌ನಲ್ಲಿ ಮೋಹನ್‌ ಬಾಗಾನ್‌ ಎದುರು ಆಡಿ, ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತಿತು.