ಎಲ್ಲರಿಗೂ ತೆರೆದ ಕಾಲೇಜು ಬಾಗಿಲು

1950ರ ದಶಕ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ. ಹೊಗೆಸೊಪ್ಪಿನ ಹೊಲ, ಬಟ್ಟೆ ಗಿರಣಿ, ಪೀಠೋಪಕರಣದ ಕಾರ್ಖಾನೆ: ಜನರ ಅನ್ನ ಇಲ್ಲೇ. ಹೊಲಕ್ಕೆ ಯಂತ್ರ ಬಂತು, ಆಳುಗಳು ಬೇಡವಾದರು. ಹೊಸ ಕಾರ್ಖಾನೆಯ ಕೆಲಸ ಅವರಿಗೆ ಕಲಿಸುವವರು ಯಾರು?

1957ರಲ್ಲಿ ರಾಜ್ಯ ಶಿಕ್ಷಣ ಮಂಡಳಿಯ ಅಧ್ಯಕ್ಷರಾದವರು ಡಲ್ಲಸ್ ಹೆರಿಂಗ್. ರೋಸ್ ಹಿಲ್ ಅನ್ನೋ ಸಣ್ಣ ಊರಿನವರು, ಶವಪೆಟ್ಟಿಗೆ ಕಾರ್ಖಾನೆ ನಡೆಸುತ್ತಿದ್ದವರು. ಅವರ ಹಟ ಒಂದೇ: ಕಲಿಯಲು ಬಂದ ಯಾರನ್ನೂ ಬಾಗಿಲಿನಿಂದ ವಾಪಸ್ ಕಳಿಸಬಾರದು.

ಆಗ ಎರಡು ಬಗೆಯ ಸಂಸ್ಥೆಗಳಿದ್ದವು. ಕಸುಬು ಕಲಿಸುವ ಕೈಗಾರಿಕಾ ಶಿಕ್ಷಣ ಕೇಂದ್ರಗಳು ಒಂದು ಕಡೆ. ಪದವಿಯ ಮೊದಲೆರಡು ವರ್ಷ ಓದಿಸುವ ಕಮ್ಯುನಿಟಿ ಕಾಲೇಜುಗಳು ಇನ್ನೊಂದು ಕಡೆ. 1963ರ ಕಾನೂನು ಎರಡನ್ನೂ ಒಂದೇ ವ್ಯವಸ್ಥೆಗೆ ತಂದಿತು. ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಇದೇ ಅಂತ ನನಗನಿಸುತ್ತೆ. ಯಾಕಂದ್ರೆ ಕೈಕೆಲಸ ಕಲಿಯುವವರು ಕೀಳು, ಪುಸ್ತಕ ಓದುವವರು ಮೇಲು ಅನ್ನೋ ಬೇಲಿಯನ್ನು ಸರ್ಕಾರವೇ ಹಾಕಬಾರದು.

ಇವತ್ತು ಆ ವ್ಯವಸ್ಥೆಯಲ್ಲಿ 58 ಕಾಲೇಜುಗಳಿವೆ. ಸಂಜೆ ತರಗತಿ ನೋಡಿ. ಹಗಲು ಪಾಳಿ ಮುಗಿಸಿ ಬಂದವರು ಮುಖಕ್ಕೆ ಮಾಸ್ಕ್ ಇಳಿಸಿಕೊಂಡು ವೆಲ್ಡಿಂಗ್ ಶುರು ಮಾಡುತ್ತಾರೆ. ನರ್ಸಿಂಗ್ ಕಲಿಯುವವರು ರಬ್ಬರ್ ತೋಳಿನಲ್ಲಿ ರಕ್ತನಾಳ ಹುಡುಕಿ ಸೂಜಿ ಚುಚ್ಚುತ್ತಾರೆ, ತಪ್ಪಿದರೆ ಮತ್ತೆ ಚುಚ್ಚುತ್ತಾರೆ.

ಈ ನಡುವೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಔಷಧ ತಯಾರಿಸುವ ಕಂಪನಿಗಳು ಬೆಳೆದವು. ಅಲ್ಲಿನ ಆರಂಭದ ಕೆಲಸಗಳಿಗೆ ತಯಾರು ಮಾಡುವ ‘ಬಯೋವರ್ಕ್’ ಕೋರ್ಸ್ ಕೂಡ ಇದೇ ಕಾಲೇಜುಗಳಲ್ಲಿ ನಡೆಯುತ್ತೆ. ಸೇರೋಕೆ ವಿಜ್ಞಾನದ ಪದವಿ ಬೇಕಿಲ್ಲ.