ಹಾನಗಲ್ಲಿನ ಕಲ್ಲಿನ ತಾವರೆ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಮಂಟಪದಲ್ಲಿ ತಲೆಯೆತ್ತಿ ನೋಡಬೇಕು. ಅಷ್ಟಕೋನದ ಛಾವಣಿಯ ನಡುವಿನಿಂದ ಕಲ್ಲಿನ ತಾವರೆ ಕೆಳಮುಖವಾಗಿ ಇಳಿಬಿದ್ದಿದೆ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪ ಕುರಿತು ಹೆನ್ರಿ ಕಸಿನ್ಸ್ ಬರೆದು 1926ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಗುಡಿಯ ವಿವರಣೆ, ಛಾಯಾಚಿತ್ರಗಳಿವೆ. ಹಿಂದೆ ದೊಡ್ಡ ಗ್ರಂಥಾಲಯಗಳಲ್ಲಷ್ಟೇ ಸಿಗುತ್ತಿದ್ದ ಆ ಪುಸ್ತಕವನ್ನು ಈಗ ಇಂಟರ್‌ನೆಟ್ ಆರ್ಕೈವ್ ಜಾಲತಾಣದಲ್ಲಿ ಖರ್ಚಿಲ್ಲದೆ ಓದಬಹುದು. ಹಳೆಯ ಚಿತ್ರವನ್ನು ಇಂದಿನ ಗುಡಿಯೊಡನೆ ಹೋಲಿಸಿದರೆ ಉಳಿದದ್ದೇನು, ಅಳಿದದ್ದೇನು ಎಂಬುದು ತಿಳಿಯುತ್ತದೆ.

ಸವಣೂರಿನ ಮೂರು ದೊಡ್ಡಹುಣಸೆ ಮರಗಳು ಆಫ್ರಿಕಾ ಮೂಲದವು. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳ ಷರೀಫರ ಊರು. ಹಿರೇಕೆರೂರು ತಾಲೂಕಿನ ಅಬಲೂರು ಏಕಾಂತದ ರಾಮಯ್ಯನ ಹೆಸರಿನೊಡನೆ ಬೆರೆತ ನೆಲ. ಇವನ್ನು ನೋಡಲು ಹೋದವರು ತಾವು ತೆಗೆದ ಪ್ರತಿ ಚಿತ್ರಕ್ಕೂ ಊರು, ದಿನಾಂಕ ಬರೆದಿಡಲಿ. ಮುಂದಿನವರಿಗೆ ಅದೇ ದಾಖಲೆ.