ಪ್ರಸಂಗ ಕಟ್ಟುವ ಕಸುಬು

ತಿ. ನರಸೀಪುರ, ನಂಜನಗೂಡು ಕಡೆಯ ಸಣ್ಣ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪ್ರತಿ ಭಾನುವಾರವೂ ಪಾದ್ರಿಗಳೇ ಸಿಗುತ್ತಾರೆ ಎನ್ನುವಂತಿಲ್ಲ. ಒಬ್ಬ ಸಭಾಪಾಲಕರ ಪಾಲಿಗೆ ನಾಲ್ಕಾರು ಸಭೆಗಳು ಬಂದಾಗ ಒಂದೇ ಬೆಳಗ್ಗೆ ಎಲ್ಲ ಕಡೆ ಇರುವುದು ಯಾರಿಂದಲೂ ಆಗುವ ಮಾತಲ್ಲ. ಆಗ ಪ್ರಸಂಗಕ್ಕೆ ಎದ್ದು ನಿಲ್ಲುವವರು ಊರಿನವರೇ. ರಿಟೈರಾದ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು. ಇವರಿಗೆ ಬಿಳಿ ನಿಲುವಂಗಿಯಿಲ್ಲ, ದೈವಶಾಸ್ತ್ರದ ಪದವಿಯಿಲ್ಲ. ನಿನ್ನೆ ಸಂಜೆ ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದವರು ಇವತ್ತು ದೇವರ ಮಾತು ಇಂಥದ್ದು ಎಂದು ಹೇಳಬೇಕು, ಎದುರಿಗೆ ಕೂತ ನೆಂಟರಿಷ್ಟರು ಅದನ್ನು ಒಪ್ಪಬೇಕು. ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಕ್ರೈಸ್ತರು ಎರಡು ಸಾವಿರ ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ, ಅದಕ್ಕಾಗಿ ಒಡೆದು ಬೇರೆಯೂ ಆಗಿದ್ದಾರೆ. ಗ್ರಂಥವೊಂದೇ ಕೊನೆಯ ಮಾತು ಎಂದು ಹದಿನಾರನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಹಟ ಹಿಡಿದರು. ಆ ಗ್ರಂಥದಲ್ಲಿ ಯಾವ ಯಾವ ಪುಸ್ತಕ ಇರಬೇಕೆಂದು ತೀರ್ಮಾನಿಸಿದ್ದೇ ಸಭೆಯಲ್ಲವೇ, ಹಾಗಾದರೆ ಸಭೆಯ ಪರಂಪರೆಗೂ ಅದನ್ನು ಕಾಯುವ ಗುರುಪೀಠಕ್ಕೂ ಬೆಲೆಯಿಲ್ಲವೇ ಎಂದು ಕ್ಯಾಥೋಲಿಕರು ಕೇಳಿದರು. ಅವರ ಪ್ರಶ್ನೆ ಹಗುರವಾದದ್ದಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇವತ್ತಿನ ರೂಪದಲ್ಲಿ ಮೊದಲು ಕಾಣುವುದು ಕ್ರಿ.ಶ. 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಒಂದು ಪತ್ರದಲ್ಲಿ. ಇವತ್ತಿಗೂ ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ 66 ಪುಸ್ತಕಗಳು, ಕ್ಯಾಥೋಲಿಕರದ್ದರಲ್ಲಿ 73.

ಈ ಜಗಳ ನಮ್ಮ ಸೀಮೆಯನ್ನೂ ಬಿಟ್ಟಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿನವರಂತೆ ಉಟ್ಟು, ಇಲ್ಲಿನ ಊಟ ಉಂಡು ಎರಡು ದಶಕಕ್ಕೂ ಹೆಚ್ಚು ಕಾಲ ಬದುಕಿದರು. ಹಿಂದೂ ರೀತಿನೀತಿಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ ಎಲ್ಲರಿಗೂ ಗೊತ್ತು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಇನ್ನೊಂದು ಪುಸ್ತಕದ ಸುದ್ದಿ ಕಡಿಮೆ. ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಆ ಪತ್ರಗಳಲ್ಲಿ, ಬೈಬಲ್ಲನ್ನು ದೇಶಭಾಷೆಗೆ ತಂದು ಸುಮ್ಮನೆ ಜನರ ಕೈಗೆ ಹಾಕಿದರೆ ಉಪಯೋಗವಿಲ್ಲ ಎಂದು ಅವರು ವಾದಿಸಿದರು. ಮಗ ಮನೆಗೆ ಮರಳಿದ ಸಂತೋಷಕ್ಕೆ ಕೊಬ್ಬಿದ ಕರು ಕಡಿದ ಕಥೆಯನ್ನು ಮೈಸೂರಿನ ಅಗ್ರಹಾರದಲ್ಲಿ ಓದಿದರೆ ಕೇಳುವವರಿಗೆ ಹೇಗಾದೀತು ಎಂಬುದು ಅವರ ಆತಂಕಗಳಲ್ಲೊಂದು. ಇತ್ತ ಬಳ್ಳಾರಿಯಲ್ಲಿ, 1810ರಲ್ಲೇ ಬಂದಿಳಿದಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸಕ್ಕೆ ಕೂತಿದ್ದರು. ದ್ಯುಬುವಾ ಅವರಿಗೆ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮುಂತಾದವರು 1824ರಲ್ಲಿ ಪುಸ್ತಕ ಬರೆದೇ ಉತ್ತರ ಕೊಟ್ಟರು. 1831ಕ್ಕೆ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿಯೂ ಆಯಿತು. ಕನ್ನಡ ಗ್ರಂಥ ಉಳಿಯಿತು, ಅಬ್ಬೆಯವರ ಭವಿಷ್ಯ ಸುಳ್ಳಾಯಿತು. ಆದರೆ ವಿವರಿಸುವವರಿಲ್ಲದೆ ಬರಿಯ ಪುಸ್ತಕ ಕೆಲಸ ಮಾಡುವುದಿಲ್ಲ ಎಂಬ ಅವರ ಮಾತಿನ ಅರ್ಧ ಭಾಗವಾದರೂ ನಿಜ. ಆ ಅರ್ಧವನ್ನು ತುಂಬುವುದೇ ಪ್ರಸಂಗದ ಕಸುಬು. ನಮ್ಮಲ್ಲಿ ಗಮಕಿಗಳು ಪದ್ಯ ವಾಚಿಸಿದ ಮೇಲೆ ವ್ಯಾಖ್ಯಾನಕಾರರು ಬಿಡಿಸಿ ಹೇಳುವಂತೆ ಇಲ್ಲಿಯೂ ಮೊದಲು ಪಾಠ, ಆಮೇಲೆ ವಿವರಣೆ.

ಕಸುಬು ಶುರುವಾಗುವುದು ಭಾನುವಾರವಲ್ಲ, ಹಿಂದಿನ ಸೋಮವಾರವೋ ಮಂಗಳವಾರವೋ. ಮೊದಲ ಕಟ್ಟುಪಾಡು ಏನೆಂದರೆ, ಯಾವ ಭಾಗದ ಮೇಲೆ ಮಾತಾಡಬೇಕೆಂಬುದನ್ನು ಪ್ರಸಂಗಿ ತಾನೇ ಆರಿಸಿಕೊಳ್ಳುವುದಿಲ್ಲ. ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ, ಸೇರಿದ ಸಭೆಗಳಿಗೆ ವರ್ಷದ ಅಲ್ಮನಾಕ್ ಬರುತ್ತದೆ. ಅದರಲ್ಲಿ ಆಯಾ ಭಾನುವಾರದ ವಿಷಯ, ಹಳೆಯ ಒಡಂಬಡಿಕೆಯಿಂದ ಒಂದು ಪಾಠ, ಕೀರ್ತನೆ, ಪತ್ರಿಕೆಗಳಿಂದ ಒಂದು, ಸುವಾರ್ತೆಯಿಂದ ಒಂದು ನಿಗದಿಯಾಗಿರುತ್ತದೆ. ಕ್ಯಾಥೋಲಿಕರಲ್ಲಿ 1969ರಿಂದ ಮೂರು ವರ್ಷದ ಸುತ್ತು ನಡೆದಿದೆ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನ ನಡುನಡುವೆ, ಹೆಚ್ಚಾಗಿ ಪಾಸ್ಕ ಕಾಲದಲ್ಲಿ. ಹೊರಗಿನವರಿಗೆ ಇದು ಬರಿಯ ಟೈಮ್‌ಟೇಬಲ್ಲಿನಂತೆ ಕಾಣಬಹುದು. ನನಗಂತೂ ಇದು ಇಡೀ ಕಸುಬಿನ ಜಾಣತನ ಅನ್ನಿಸಿದೆ. ಮನಸ್ಸಿನಲ್ಲಿ ಯಾರ ಮೇಲೋ ಸಿಟ್ಟಿಟ್ಟುಕೊಂಡು, ಅದಕ್ಕೆ ಒಪ್ಪುವ ವಾಕ್ಯ ಹುಡುಕಿ, ಪೀಠ ಹತ್ತಿ ಬೈಯುವ ದಾರಿಯನ್ನು ಇದು ಮುಚ್ಚುತ್ತದೆ. ಬೇಡದ ಪಾಠವೂ ಬರುತ್ತದೆ, ಕಷ್ಟದ ಪಾಠವೂ ಬರುತ್ತದೆ. ಬಂದದ್ದನ್ನು ಎದುರಿಸಬೇಕು.

ಎರಡನೆಯ ಕೆಲಸ, ಹಿಂದುಮುಂದು ಓದುವುದು. ನಮ್ಮ ಕಡೆಯ ಒಬ್ಬ ಹಿರಿಯ ಮೇಷ್ಟ್ರ ಬಳಿ ಹುಡುಗನೊಬ್ಬ ಬಂದು, "ಮೇಷ್ಟ್ರೇ, ಸತ್ಯವೇದದಲ್ಲೇ ಹಿಂಗೆ ಬರೆದಿದೆಯಲ್ಲ, ಇನ್ನೇನು ನೋಡಾದು?" ಅಂದ. ಮೇಷ್ಟ್ರು ಕನ್ನಡಕ ಮೇಲೆತ್ತಿ, "ಎಲ್ಲಿ ಬರೆದದೆ, ಯಾರಿಗೆ ಬರೆದದೆ, ಅದರ ಮುಂದ್ಕೆ ಏನ್ ಬರೆದದೆ, ಅದನ್ನೂ ವಸಿ ಓದಪ್ಪ" ಅಂದರು. ಇದರಲ್ಲಿ ಬರಿಯ ತಮಾಷೆಯಿಲ್ಲ. ಬೈಬಲ್ಲಿನ ಅಧ್ಯಾಯ, ವಚನಗಳ ಅಂಕಿ ಮೂಲದಲ್ಲಿ ಇದ್ದದ್ದಲ್ಲ. ಇವತ್ತಿನ ಅಧ್ಯಾಯಗಳ ವಿಭಾಗ ಹದಿಮೂರನೇ ಶತಮಾನದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬ ಪಂಡಿತರ ಹೆಸರಿನೊಂದಿಗೆ ಸೇರಿಕೊಂಡದ್ದು. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ಹಾಕಿದವರು 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕರು. ಹುಡುಕಲು ಅನುಕೂಲವಾಗಲೆಂದು ಮುದ್ರಕರು ಹಾಕಿದ ಅಂಕಿಯನ್ನು ದೇವರೇ ಎಳೆದ ಗೆರೆ ಎಂದುಕೊಂಡು, ಒಂದು ವಚನವನ್ನು ಅದರ ಜಾಗದಿಂದ ಕಿತ್ತು ತರುವವರೇ ಹೆಚ್ಚು.

ಕಿತ್ತು ತಂದರೆ ಏನಾಗುತ್ತದೆ ಎಂಬುದಕ್ಕೆ ಮೇಷ್ಟ್ರು ಕೊಡುವ ಉದಾಹರಣೆ ಗ್ರಂಥದಲ್ಲೇ ಇದೆ. ಮತ್ತಾಯನ ನಾಲ್ಕನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಹಾರು ಎನ್ನುತ್ತಾನೆ. ದೂತರು ಕಾಪಾಡುತ್ತಾರೆ ಎಂದು ಕೀರ್ತನೆ 91ರ ಸಾಲನ್ನು ಆಧಾರ ಕೊಡುತ್ತಾನೆ. ಹೇಳಿದ ಮಾತು ಗ್ರಂಥದ್ದೇ, ಉದ್ದೇಶ ಮಾತ್ರ ಕೆಟ್ಟದ್ದು. ಯೇಸು ಆ ಕೀರ್ತನೆಯನ್ನು ಸುಳ್ಳು ಅನ್ನುವುದಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಬಾರದೆಂಬ ಧರ್ಮೋಪದೇಶಕಾಂಡದ ಮಾತನ್ನು ಅದರ ಪಕ್ಕಕ್ಕೆ ಇಡುತ್ತಾನೆ. ಆ ಅಧ್ಯಾಯದ ಮೂರು ಪರೀಕ್ಷೆಗಳಿಗೂ ಅವನ ಉತ್ತರ ಅದೇ ಧರ್ಮೋಪದೇಶಕಾಂಡದ ಎರಡು ಅಧ್ಯಾಯಗಳಿಂದ, ಆರು ಮತ್ತು ಎಂಟರಿಂದ. ವಾಕ್ಯವನ್ನು ವಾಕ್ಯದಿಂದಲೇ ತೂಗುವುದು ಎಂದರೆ ಇದು. ಹಳೆಯ ಸತ್ಯವೇದಗಳಲ್ಲಿ ಸಣ್ಣ ಅಕ್ಷರದಲ್ಲಿ ಹೋಲಿಕೆಯ ವಚನಗಳನ್ನು ಸೂಚಿಸಿರುವುದು ಈ ಕೆಲಸಕ್ಕೇ. ಒಳ್ಳೆಯ ಪ್ರಸಂಗಿಯ ಸತ್ಯವೇದದಲ್ಲಿ ಆ ಸಣ್ಣ ಅಕ್ಷರಗಳ ಸುತ್ತಲೇ ಪೆನ್ಸಿಲ್ ಗುರುತು ಹೆಚ್ಚು.

ಇನ್ನೊಂದು ಉದಾಹರಣೆಗೆ, ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು ತೆಗೆದುಕೊಳ್ಳಿ. ನಾಲೆ ನೀರಿನ ಭತ್ತದ ಊರುಗಳಲ್ಲಿ ಈ ಪಾಠ ಓದಿದರೆ ರೈತರ ಮುಖದಲ್ಲಿ ಸಣ್ಣ ನಗೆ ಕಾಣುತ್ತದೆ. ಒಟ್ಲು ಬಿಟ್ಟು, ಪೈರು ಕಿತ್ತು, ಸಾಲಿಗೆ ನಾಟಿ ಹಾಕುವವರಿಗೆ ದಾರಿಯ ಮೇಲೆ, ಬಂಡೆಯ ಮೇಲೆ, ಮುಳ್ಳಿನಲ್ಲಿ ಬೀಜ ಚೆಲ್ಲಿಕೊಂಡು ಹೋಗುವವನು ದಡ್ಡನಂತೆ ಕಂಡರೆ ತಪ್ಪೇನು? ಮೇಷ್ಟ್ರು ಈ ನಗೆಯನ್ನು ಬಿಟ್ಟುಹೋಗುವುದಿಲ್ಲ. ಗಲಿಲಾಯದ ಬೇಸಾಯ ಚೆಲ್ಲಿ ಬಿತ್ತುವ ಬೇಸಾಯ, ಹೊಲದ ನಡುವೆಯೇ ಕಾಲುದಾರಿ, ಅನೇಕ ಕಡೆ ಸುಣ್ಣಕಲ್ಲಿನ ಮೇಲೆ ಗೇಣುದ್ದವೂ ಇಲ್ಲದ ಮಣ್ಣು ಎಂದು ಮೊದಲು ಅಲ್ಲಿನ ನೆಲವನ್ನು ಕಣ್ಣಿಗೆ ತರುತ್ತಾರೆ. ತೆಳು ಮಣ್ಣು ಬೇಗ ಕಾಯುತ್ತದೆ, ಬೀಜ ಬೇಗ ಮೊಳೆಯುತ್ತದೆ, ಬೇರಿಗೆ ಜಾಗವಿಲ್ಲದೆ ಬೇಗ ಒಣಗುತ್ತದೆ. ಇದನ್ನು ಕೇಳಿದ ರೈತ ತಲೆಯಾಡಿಸುತ್ತಾನೆ, ಯಾಕೆಂದರೆ ಅವನ ಹೊಲದ ಮೂಲೆಯಲ್ಲೂ ಅಂಥ ತಿಟ್ಟು ಇದೆ.

ಆಮೇಲೆ ಮೂರು ಸುವಾರ್ತೆಗಳನ್ನು ಒಟ್ಟಿಗೆ ತೆರೆದಿಡುತ್ತಾರೆ. ಮಾರ್ಕನಲ್ಲಿ ಫಸಲು ಮೂವತ್ತು, ಅರವತ್ತು, ನೂರು ಎಂದು ಏರುತ್ತದೆ. ಮತ್ತಾಯನಲ್ಲಿ ನೂರು, ಅರವತ್ತು, ಮೂವತ್ತು ಎಂದು ಇಳಿಯುತ್ತದೆ. ಲೂಕ ನೂರು ಅಂದು ಸುಮ್ಮನಾಗುತ್ತಾನೆ. ಒಂದೇ ಕಥೆ, ಮೂವರ ಕೈಯಲ್ಲಿ ಮೂರು ಬಗೆ. ಇದನ್ನು ಸಭೆಯಿಂದ ಬಚ್ಚಿಡುವ ಪ್ರಸಂಗಿಗಳಿದ್ದಾರೆ. ಇದನ್ನೇ ಹಿಡಿದು ಗ್ರಂಥವೆಲ್ಲ ಸುಳ್ಳು ಎನ್ನುವವರೂ ಇದ್ದಾರೆ. ಮೇಷ್ಟ್ರು ಎರಡಕ್ಕೂ ಹೋಗುವುದಿಲ್ಲ. ಮಾರ್ಕ ಭರವಸೆಯನ್ನು ಕೊನೆಗೆ ಇಟ್ಟಿದ್ದಾನೆ, ಮತ್ತಾಯ ಎಲ್ಲರೂ ಒಂದೇ ಸಮ ಕೊಡುವುದಿಲ್ಲ ಎಂಬುದನ್ನು ಕೊನೆಗೆ ಇಟ್ಟಿದ್ದಾನೆ ಎಂದು ತಮಗೆ ತೋಚಿದ್ದನ್ನು ಹೇಳಿ, ಇದು ನನ್ನ ಊಹೆ ಎಂದೂ ಸೇರಿಸುತ್ತಾರೆ. ಗ್ರಂಥದ ಮಾತು ಎಲ್ಲಿ ಮುಗಿಯಿತು, ತನ್ನ ಮಾತು ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ಗೊತ್ತಾಗುವಂತೆ ಹೇಳುವುದು ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ ಪಟ್ಟು. ದೊಡ್ಡ ಮೈದಾನದಲ್ಲಿ ಮೈಕು ಹಿಡಿದು ಅಬ್ಬರಿಸುವ ಎಷ್ಟೋ ಪ್ರಸಿದ್ಧರಿಗೂ ಇದು ಒಲಿದಿಲ್ಲ.

ಹಾಗಾದರೆ ಪುಸ್ತಕ ಮತ್ತು ಪೆನ್ಸಿಲ್ ಸಾಕೇ? ಸಾಲದು. ಹಳೆ ಮೈಸೂರಿನ ಸಿಎಸ್‌ಐ ಸಭೆಗಳಲ್ಲಿ ಬಹುಪಾಲಿನ ಬೇರು ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನಲ್ಲಿದೆ. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ ತನ್ನನ್ನು ಒಂದೇ ಪುಸ್ತಕದ ಮನುಷ್ಯ ಎಂದು ಕರೆದುಕೊಂಡವರು. ಅದೇ ಮನುಷ್ಯ ತನ್ನ ಪ್ರಸಂಗಿಗಳು ಓದಲೆಂದು ಐವತ್ತು ಸಂಪುಟಗಳ ಕ್ರೈಸ್ತ ಗ್ರಂಥಮಾಲೆಯನ್ನೂ ಸಂಪಾದಿಸಿದರು. ಗ್ರಂಥ, ಪರಂಪರೆ, ವಿವೇಕ, ಅನುಭವ ಎಂಬ ನಾಲ್ಕನ್ನೂ ವೆಸ್ಲಿ ಬಳಸುತ್ತಿದ್ದರೆಂದು ಇಪ್ಪತ್ತನೇ ಶತಮಾನದ ಅಮೆರಿಕದ ಪಂಡಿತ ಆಲ್ಬರ್ಟ್ ಔಟ್ಲರ್ ವಿಂಗಡಿಸಿ ತೋರಿಸಿದರು. ಗ್ರಂಥವೇ ಮೊದಲು, ಉಳಿದ ಮೂರು ಅದನ್ನು ತಿಳಿಯುವ ದಾರಿಗಳು. ಪೀಠ ಹತ್ತುವ ಸಾಮಾನ್ಯರ ಪರಂಪರೆಯೂ ಅಲ್ಲಿಂದಲೇ ಬಂದದ್ದು. ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಯುವಕ ಪ್ರಸಂಗ ಮಾಡಿದನೆಂದು ಕೇಳಿ ಸಿಡಿಮಿಡಿಗೊಂಡ ವೆಸ್ಲಿಗೆ, ಮೊದಲು ಹೋಗಿ ಕೇಳು, ಆಮೇಲೆ ತೀರ್ಮಾನಿಸು ಎಂದು ಬುದ್ಧಿ ಹೇಳಿದವರು ತಾಯಿ ಸುಸಾನಾ. ವೆಸ್ಲಿ ಕೇಳಿದರು, ಒಪ್ಪಿದರು. ನಮ್ಮ ನರ್ಸಮ್ಮ ಇವತ್ತು ಪೀಠದಲ್ಲಿ ನಿಂತಿರುವುದಕ್ಕೆ ಆ ತಾಯಿಗೂ ಒಂದು ಪಾಲು ಸಲ್ಲಬೇಕು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪಂಥಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಈ ಮೆಥಡಿಸ್ಟರ ಜೊತೆ ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಪಂಥದವರು ಇದ್ದರು. ಪವಿತ್ರ ಗ್ರಂಥವೇ ನಂಬಿಕೆಗೆ ಅಂತಿಮ ಪ್ರಮಾಣ ಎಂದು ಒಪ್ಪಿಕೊಂಡರು. ಅದರ ಜೊತೆಗೆ ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸಪ್ರಮಾಣಗಳನ್ನೂ ಬಿಷಪ್ಪರ ವ್ಯವಸ್ಥೆಯನ್ನೂ ಇಟ್ಟುಕೊಂಡರು. ಅಂದರೆ ಪುಸ್ತಕವೊಂದೇ ಎಂದು ಹೊರಟವರೂ ಪರಂಪರೆಯನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಅತ್ತ ಕ್ಯಾಥೋಲಿಕರು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆ ಮಾಡುವಂಥದ್ದು ಎಂದು ಘೋಷಿಸಿದರು. ದೂರ ಇನ್ನೂ ಇದೆ. ಪೂಜೆಯಲ್ಲಿ ಪ್ರಬೋಧನೆ ನೀಡುವುದು ಅವರಲ್ಲಿ ದೀಕ್ಷೆ ಪಡೆದವರಿಗಷ್ಟೇ ಸೇರಿದ ಕೆಲಸ, ಹೆಂಗಸರಿಗೆ ಗುರುದೀಕ್ಷೆಯಿಲ್ಲ. ಸಿಎಸ್‌ಐ ಅದೇ ಗ್ರಂಥ ಓದಿ 2013ರಲ್ಲಿ ನಂದ್ಯಾಲದ ಬಿಷಪ್ಪರಾಗಿ ಪುಷ್ಪಲಲಿತಾ ಅವರನ್ನು ಅಭಿಷೇಕಿಸಿತು.

ಗ್ರಂಥ, ಪರಂಪರೆ, ವಿವೇಕ, ಅನುಭವ ಈ ನಾಲ್ಕೂ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬೇಕಾದರೆ ಅಪೊಸ್ತಲರ ಕೃತ್ಯಗಳ ಹದಿನೈದನೇ ಅಧ್ಯಾಯ ತೆಗೆಯಿರಿ ಎನ್ನುತ್ತಾರೆ ಮೇಷ್ಟ್ರು. ಯೆಹೂದ್ಯರಲ್ಲದವರು ಯೇಸುವನ್ನು ನಂಬಿದರೆ ಅವರಿಗೂ ಸುನ್ನತಿ ಆಗಲೇಬೇಕೋ ಬೇಡವೋ ಎಂಬ ವಿವಾದ ಅದು. ಬರಹದ ಲೆಕ್ಕದಲ್ಲಿ ಸುನ್ನತಿ ಬೇಕು ಎನ್ನುವವರ ಕೈಯೇ ಮೇಲು, ಯಾಕೆಂದರೆ ಅಬ್ರಹಾಮನಿಗೆ ಆದ ಅಪ್ಪಣೆ ಆದಿಕಾಂಡದಲ್ಲಿ ಸ್ಪಷ್ಟವಾಗಿದೆ. ಯೆರೂಸಲೇಮಿನಲ್ಲಿ ಹಿರಿಯರು ಕೂಡುತ್ತಾರೆ, ಬಹಳ ಚರ್ಚೆಯಾಗುತ್ತದೆ. ಪೇತ್ರ ಎದ್ದು ತಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಾನೆ. ಬಾರ್ನಬ, ಪೌಲರು ಊರೂರುಗಳಲ್ಲಿ ನಡೆದದ್ದನ್ನು ಹೇಳುತ್ತಾರೆ. ಕೊನೆಗೆ ಯಾಕೋಬ ಪ್ರವಾದಿ ಆಮೋಸನ ಮಾತು ತೆಗೆದು, ಈ ಅನುಭವ ಗ್ರಂಥಕ್ಕೆ ಹೊಂದುತ್ತದೆ ಎಂದು ತೋರಿಸಿ, ಹೊಸಬರ ಮೇಲೆ ಹೊರೆ ಹೇರುವುದು ಬೇಡ ಎನ್ನುತ್ತಾನೆ. ತೀರ್ಮಾನವನ್ನು ಕಾಗದದಲ್ಲಿ ಬರೆದು ತಮ್ಮವರ ಕೈಯಲ್ಲಿ ಕಳಿಸುತ್ತಾರೆ. ಆ ಕಾಗದದಲ್ಲಿ ಪವಿತ್ರಾತ್ಮನ ಹೆಸರೂ ಇದೆ, ತಮ್ಮ ಹೆಸರೂ ಇದೆ. ಒಬ್ಬನೇ ಕೂತು ಒಂದು ವಚನ ತೋರಿಸಿ ಮುಗಿಸಬಹುದಾಗಿದ್ದ ವಿಷಯಕ್ಕೆ ಇಷ್ಟು ಜನ, ಇಷ್ಟು ಮಾತು ಬೇಕಾಯಿತು. ನನ್ನ ಮಟ್ಟಿಗೆ ಕ್ರೈಸ್ತರು ಅಧಿಕಾರ ಎಲ್ಲಿದೆ ಎಂದು ಹುಡುಕಬೇಕಾದ ಜಾಗ ಇದೇ: ಗ್ರಂಥವನ್ನು ಕೈಯಲ್ಲಿ ಹಿಡಿದು ಒಟ್ಟಿಗೆ ಕೂತು ಕೇಳುವ ಸಭೆ.

ಕೇಳುವವರಿಗೂ ಇದರಲ್ಲಿ ಪಾಲಿದೆ. ಪೌಲನಂಥವನು ಹೇಳಿದ್ದನ್ನೂ ಸುಮ್ಮನೆ ನಂಬದೆ, ಗ್ರಂಥದಲ್ಲಿ ಹಾಗಿದೆಯೋ ಎಂದು ದಿನಾ ನೋಡುತ್ತಿದ್ದರೆಂದು ಬೆರೋಯ ಎಂಬ ಊರಿನವರನ್ನು ಅಪೊಸ್ತಲರ ಕೃತ್ಯಗಳು ಹೊಗಳುತ್ತದೆ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಕೈಕುಲುಕುವಾಗ ಅಜ್ಜಿಯೊಬ್ಬರು, "ಅದೆಲ್ಲಾ ಸರಿ ಮೇಷ್ಟ್ರೇ, ಆ ಮುಳ್ಳು ಅಂದ್ರಲ್ಲ, ಅದು ಸಾಲದ ಚಿಂತೆನೂ ಆಯ್ತದಾ?" ಎಂದು ಕೇಳಿದರೆ ಮೇಷ್ಟ್ರಿಗೆ ಆ ವಾರದ ಕೂಲಿ ಸಿಕ್ಕಂತೆ. ಮಾರ್ಕನಲ್ಲಿ ಆ ಮುಳ್ಳಿಗೆ ಕೊಟ್ಟ ಅರ್ಥಗಳಲ್ಲಿ ಮೊದಲನೆಯದು ಪ್ರಪಂಚದ ಚಿಂತೆಯೇ. ಐಶ್ವರ್ಯದ ಮೋಸ ಆಮೇಲೆ ಬರುತ್ತದೆ.

ಈಚೆಗೆ ಹೂವಿನ ಚಿತ್ರದ ಮೇಲೆ ಒಂದೊಂದೇ ವಚನ ಬರೆದು ವಾಟ್ಸಾಪಿನಲ್ಲಿ ಹಂಚುವ ಅಭ್ಯಾಸ ಬಂದಿದೆ. ಬೆಳಗಾದರೆ ಹತ್ತಾರು ಬರುತ್ತವೆ, ಹಿಂದಿಲ್ಲ, ಮುಂದಿಲ್ಲ. ಅದನ್ನೇ ಸತ್ಯವೇದ ಓದಿದ ಹಾಗೆ ಎಂದುಕೊಳ್ಳುವ ಎಳೆಯರಿಗೆ ಮೇಷ್ಟ್ರಂಥವರ ಕಸುಬು ದಾಟಬೇಕಾದರೆ ಅವರ ಕೈಗೆ ಸಾಮಗ್ರಿ ಬೇಕು. ಇಂಗ್ಲಿಷ್ ಬಲ್ಲವರಿಗೆ ಬೈಬಲ್ ವ್ಯಾಖ್ಯಾನಗಳ ಕಪಾಟುಗಳೇ ಇವೆ. ಕನ್ನಡವನ್ನಷ್ಟೇ ಓದುವ ಹಳ್ಳಿಯ ಪ್ರಸಂಗಿಗೆ ಸಿಗುವುದು ಅದರ ಒಂದು ಪಾಲೂ ಅಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಕಲಿಸುವವರು, ಅಲ್ಲಿ ಕಲಿತು ಬಂದವರು ದಯವಿಟ್ಟು ಇತ್ತ ನೋಡಬೇಕು. ಒಂದೊಂದು ಸುವಾರ್ತೆಗೆ ಒಂದೊಂದು ಸರಳ ಕನ್ನಡ ವ್ಯಾಖ್ಯಾನ, ಮೇಷ್ಟ್ರ ಜೇಬಿಗೆ ಎಟುಕುವ ಬೆಲೆಯಲ್ಲಿ, ಅವರ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರಲಿ.